ತಾಮ್ರ ಇಳಿಯದ ರಾಶಿ

ಇಂದು ಮುಂಜಾನೆ, ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯ ನಮ್ಮ ಮನೆಯಲ್ಲಿ ಪೂಜೆಯ ಪಂಚಪಾತ್ರೆಗೆ ಹುಣಸೆಹಣ್ಣು ತಿಕ್ಕುತ್ತಿದ್ದೆ. ಹುಳಿ ಬೆರೆತ ಕಿಲುಬಿನ ವಾಸನೆ ಮೂಗಿಗೆ ತಾಕಿದೊಡನೆ ಶಿವಾನಂದ ಕಣ್ಮುಂದೆ ನಿಂತ. ಹುಳಿಗೆ ಕಿಲುಬು ಕರಗುತ್ತದೆ. ನಾನು ಮೂವತ್ತು ವರ್ಷ ಉಂಡ ಅನ್ನವೆಲ್ಲ ಈ ಒಂದು ಸತ್ಯದ್ದು. ತಾಮ್ರದ ಅದಿರನ್ನು ಜಲ್ಲಿ ಮಾಡಿ, ಗುಡ್ಡದಂತೆ ಒಟ್ಟಿ, ನೀರು ಬೆರೆಸಿದ ಗಂಧಕಾಮ್ಲವನ್ನು ನೆತ್ತಿಯ ಮೇಲೆ ಚಿಮುಕಿಸಿದರೆ, ತಿಂಗಳುಗಳ ತರುವಾಯ ಅಡಿಯಿಂದ ನೀಲಿ ನೀರು ಒಸರುತ್ತದೆ. ತಾಮ್ರವೆಲ್ಲ ಆ ನೀರಿನಲ್ಲಿ. ಜಪದಂತೆ ಸಾವಧಾನ ಬೇಡುವ ಕೆಲಸವಿದು ಎಂದು ಕಿರಿಯರಿಗೆ ಉಪದೇಶಿಸುತ್ತಿದ್ದೆ. ಉಪದೇಶಕ್ಕೆ ನನ್ನಲ್ಲಿ ಎಂದೂ ಕೊರತೆಯಿರಲಿಲ್ಲ.

ಶಿವಾನಂದ ವಿಜಯಪುರದವನು, ಹ್ಯೂಸ್ಟನ್ ಕಚೇರಿಯಲ್ಲಿ ನನ್ನ ಕೈಕೆಳಗಿನ ಎಂಜಿನಿಯರ್. ಪಶ್ಚಿಮದ ಮರುಭೂಮಿಯ ಗಣಿಯೊಂದಕ್ಕೆ ನಾನು ತುಂತುರು ಕೊಳವೆಗಳ ನಕ್ಷೆ ಬರೆದೆ. ಅವನ ಕೈಯಲ್ಲಿ ಪರೀಕ್ಷೆ ಮಾಡಿಸಿದ್ದು ಮಾತ್ರ ಬಟ್ಟೆಯೂ ಒಣಗದ ಹ್ಯೂಸ್ಟನ್ನಿನ ತೇವದಲ್ಲಿ.

"ಸರ್, ಅಲ್ಲಿ ಬಿಸಿಲಿಗೆ ಈ ತುಂತುರು ನೆಲಾ ಮುಟ್ಟಂಗಿಲ್ರಿ. ಕಲ್ಲಿನೊಳಗ ಡ್ರಿಪ್ ಪೈಪ್ ಹೂಳೋಣ್ರಿ," ಎಂದ.

"ಇದೇನು ನಿಮ್ಮಪ್ಪನ ದ್ರಾಕ್ಷಿ ತೋಟವೇನಯ್ಯಾ?" ಎಂದೆ. ಪಕ್ಕದ ಮೇಜಿನ ಇಬ್ಬರು ಕನ್ನಡಿಗರು ನಕ್ಕರು.

ಆರೇ ತಿಂಗಳು. ನೀರು ಗಾಳಿಯ ಪಾಲಾಗಿ, ರಾಶಿಯ ನೆತ್ತಿಯಲ್ಲಿ ಉಪ್ಪು ಹೆಪ್ಪುಗಟ್ಟಿತು. ಆಮ್ಲ ಒಳಕ್ಕೆ ಇಳಿಯಲಿಲ್ಲ. ವಿಚಾರಣೆಯ ದಿನ ಮೇಲಧಿಕಾರಿ ಕೇಳಿದರು, ಇದನ್ನು ಮೊದಲೇ ಯಾರೂ ಹೇಳಲಿಲ್ಲವೇ ಎಂದು. ಹಿರಿಯನನ್ನು ಸಭೆಯಲ್ಲಿ ತಗ್ಗಿಸಬಾರದೆಂಬ ನಮ್ಮವರ ಸಂಕೋಚ ನೋಡಿ. ಶಿವಾನಂದ ತಾನು ಹೇಳದೆ, ನಾನು ಹೇಳಿಯೇನೆಂದು ನನ್ನತ್ತ ನೋಡಿದ. ನಾನು ಮುಂದಿದ್ದ ಕಾಗದಗಳನ್ನು ಓರಣವಾಗಿಸಿದೆ. ಪರೀಕ್ಷೆ ನಡೆಸಿದವನೆಂದು ಅವನ ಕೆಲಸ ಹೋಯಿತು. ಮರುವರ್ಷ ನಾನು ಹಾರ ಹಾಕಿಸಿಕೊಂಡು ನಿವೃತ್ತನಾದೆ. ವಿಚಾರಣೆಯ ಸಂಜೆ ಸಂಧ್ಯಾವಂದನೆಯನ್ನೂ ತಪ್ಪಿಸಲಿಲ್ಲ.

ಪಾತ್ರೆಯನ್ನು ಅಲ್ಲೇ ಬಿಟ್ಟು ಫ್ಲವರ್ ಮೌಂಡ್ ಎಂಬ ಊರಿಗೆ ಫೋನ್ ಮಾಡಿದೆ. ಶಿವಾನಂದ ಈಗ ಅಲ್ಲಿ ಮನೆಮನೆಯ ಈಜುಕೊಳಗಳ ನೀರು ಪರೀಕ್ಷಿಸುತ್ತಾನೆ.

"ಅವತ್ತು ನಾನು ಹೇಳಬೇಕಿತ್ತು ಶಿವಾನಂದ. ಈಗಲಾದರೂ ಅವರಿಗೆ ಪತ್ರ ಬರೀತೀನಿ."

"ಯಾರಿಗ್ರಿ ಸರ್? ಗಣಿ ಬಂದ್ ಆತು, ಅವ್ರೆಲ್ಲಾ ರಿಟೈರ್ ಆಗ್ಯಾರ. ನಮ್ಮ ಮಗಳು ಇವತ್ತಿಗೂ ಕೇಳ್ತಾಳ್ರಿ, ಡ್ಯಾಡ್, ವಾಟ್ ಡಿಡ್ ಯು ಡು ರಾಂಗ್ ಅಂತ. ಅಕಿಗೆ ನೀವ ಹೇಳ್ರಿ."

"ಹಲೋ, ಅಂಕಲ್?"

"ನಿಮ್ಮಪ್ಪ ಸರಿಯಾಗೇ ಹೇಳಿದ್ದರು, ಮಗೂ. ತಪ್ಪು ನನ್ನದು."

"ದೆನ್ ವೈ ಡಿಡಂಟ್ ಯು ಟೆಲ್ ದೆಮ್?"

ಶಾಸ್ತ್ರ ಓದಿದ ನಾಲಿಗೆಗೆ ಸಿಕ್ಕಿದ್ದು ಒಂದೇ ಮಾತು. "ಹೆದರಿದೆ," ಎಂದೆ.

ಅವಳು ಫೋನನ್ನು ಅಪ್ಪನ ಕೈಗೂ ಕೊಡದೆ ಇಟ್ಟುಬಿಟ್ಟಳು.