ನಾನು ತಮ್ಮನ ಎಡಗೈಯಾಗಿದ್ದಾಗ

ಇವತ್ತು ಬೆಳಿಗ್ಗೆ ಹೊಲಿಗೆ ಮಿಷನ್ನಿನ ಎಣ್ಣೆ ಡಬ್ಬಿ ಹುಡುಕಲು ಅಟ್ಟ ಹತ್ತಿದವಳಿಗೆ ಸಿಕ್ಕಿದ್ದು ಕಂಪ್ಯೂಟರಿನ ಹಳೆಯ ಕೀಬೋರ್ಡು. ಎಣ್ಣೆ ಡಬ್ಬಿ ಮಿಷನ್ನಿನ ಕೆಳಗೇ ಇತ್ತು, ಆ ಮಾತು ಬಿಡಿ. ಕೀಬೋರ್ಡಿನ ಮೇಲೆ ಜೇಡರ ಬಲೆ, ಸಂದಿಯಲ್ಲಿ ಕಡಲೆಕಾಯಿ ಸಿಪ್ಪೆ. ಸೆರಗಿನಿಂದ ಒರೆಸಿ ನೋಡಿದೆ. ಎಲ್ಲ ಅಕ್ಷರಗಳೂ ಓದುವಂತಿದ್ದವು, ಎಸ್ ಒಂದನ್ನು ಬಿಟ್ಟು. ಅದು ಸವೆದು ಬೋಳಾಗಿತ್ತು. ಸವೆಸಿದ ಬೆರಳು ನನ್ನದೇ.

ನಗಬೇಡಿ. ನಂಜನಗೂಡಿನಲ್ಲಿ ರವಿಕೆ ಹೊಲಿದು ಬದುಕುವ ಹೆಂಗಸು ನಾನು. ಒಂದು ಕಾಲದಲ್ಲಿ ದಿನಕ್ಕೆರಡು ಗಂಟೆ ಬಂದೂಕು ಹಿಡಿದು ಓಡಾಡುತ್ತಿದ್ದೆ ಎಂದರೆ ಅಳತೆ ಕೊಡಲು ಬರುವವರು ಹೆದರಿ ಓಡಿಹೋದಾರು. ಗುಂಡು ಹೊಡೆಯುತ್ತಿದ್ದವನು ನನ್ನ ತಮ್ಮ ಮಾದೇಶ. ಅವನನ್ನು ನಡೆಸುತ್ತಿದ್ದವಳು ನಾನು.

ಮಾದೇಶ ಊರ ಪಕ್ಕದ ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಒಂದು ಸಂಜೆ ಮನೆಗೆ ಬರುವಾಗ ನಾಯಿ ಅಡ್ಡ ಬಂದು ಬೈಕಿನಿಂದ ಬಿದ್ದ. ಹೆಲ್ಮೆಟ್ ಇತ್ತು, ಜೀವ ಉಳಿಯಿತು. ಎಡಭುಜದ ನರ ಕಿತ್ತುಹೋಗಿ ಕೈ ಜೋತುಬಿತ್ತು. ಆಪರೇಷನ್ ಆದರೂ ಬೆರಳು ಅಲ್ಲಾಡಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದವನು ತಿಂಗಳುಗಟ್ಟಲೆ ಯಾರ ಜೊತೆಯೂ ನೆಟ್ಟಗೆ ಮಾತಾಡಲಿಲ್ಲ. ಅವ್ವ ನಂಜುಂಡೇಶ್ವರನಿಗೆ ಹರಕೆ ಹೊತ್ತಳು. ನಾನು ಬೈದೆ. ನನಗೆ ಬರುವ ಆರೈಕೆ ಅದೊಂದೇ.

ಒಂದು ಮಧ್ಯಾಹ್ನ ನೋಡುತ್ತೇನೆ, ಎದ್ದು ಕಂಪ್ಯೂಟರಿನ ಮುಂದೆ ಕೂತಿದ್ದಾನೆ. ಬಿದ್ದು ಕೈ ಕಳೆದುಕೊಳ್ಳುವ ಮುಂಚೆ ಅವನಿಗೆ ಈ ಬಂದೂಕಿನ ಆಟದ ಹುಚ್ಚು ಬಹಳವಿತ್ತು. ಈ ಆಟದಲ್ಲಿ ಒಂದು ವಿಚಿತ್ರವಿದೆ, ಕೇಳಿ. ಆಡುವವನು ಅವನಿಗೇ ಕಾಣುವುದಿಲ್ಲ. ಮುಖವಿಲ್ಲ, ಮೈಯಿಲ್ಲ. ಪರದೆಯ ಕೆಳಗಡೆ ಎರಡು ಕೈ, ಒಂದು ಬಂದೂಕು, ಎದುರಿಗೆ ಲೋಕ. ಅಷ್ಟೆ. ಅವತ್ತು ಆ ಎರಡು ಕೈಗಳು ನಿಂತಲ್ಲೇ ನಿಂತು ಸುತ್ತ ತಿರುಗುತ್ತಿದ್ದವು. ಯಾರೋ ಬಂದು ಹೊಡೆದು ಹೋದರು. ಇನ್ನೊಬ್ಬ ಬಂದು ಹೊಡೆದ.

"ಲೇ, ಓಡ್ಬಾರ್ದೇನ್ಲಾ?" ಅಂದೆ.

"ಗುರಿ ಬಲಗೈಲಿ, ಮೌಸಲ್ಲಿ. ಕಾಲು ಮಾತ್ರ ಎಡಗೈಲಿ ಐತೆ ಕಣಕ್ಕ" ಅಂದ. ಆಮೇಲೆ ಪರದೆಯನ್ನೇ ನೋಡುತ್ತಾ, "ಇವ್ನಿಗಾದ್ರೂ ಎರಡು ಕೈ ಐತೆ ನೋಡು" ಅಂದ.

ಕುರ್ಚಿ ಎಳೆದುಕೊಂಡು ಅವನ ಎಡಗಡೆ ಕೂತೆ. ಜೋತ ಕೈಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು, "ಯಾವ್ದು ಒತ್ತಬೇಕು ಯೋಳು" ಅಂದೆ.

ನಾಲ್ಕೇ ಅಕ್ಷರ. ಡಬ್ಲ್ಯೂ ಮುಂದಕ್ಕೆ, ಎಸ್ ಹಿಂದಕ್ಕೆ, ಎ ಎಡಕ್ಕೆ, ಡಿ ಬಲಕ್ಕೆ. ಡಬ್ಲ್ಯೂ, ಎಸ್ ಎರಡಕ್ಕೂ ನಡುಬೆರಳೇ; ಎಸ್ ಮೇಲಿಂದ ಸ್ವಲ್ಪ ಮೇಲಕ್ಕೆ ಸರಿಸಿದರೆ ಡಬ್ಲ್ಯೂ. ರವಿಕೆಗೆ ಹದಿನಾರು ಅಳತೆ ನೆನಪಿಡುವ ನನಗೆ ನಾಲ್ಕು ಅಕ್ಷರ ಯಾವ ಲೆಕ್ಕ ಅಂದುಕೊಂಡೆ. ಮೊದಲ ದಿನವೇ ಅವನನ್ನು ಮೂರು ಸಲ ಮಾಳಿಗೆಯಿಂದ ಕೆಡವಿದೆ. "ಅದು ಗೋಡೆ ಕಣಕ್ಕ, ಬಾಗ್ಲಲ್ಲ!" ಎಂದು ಅವನು ಕಿರುಚುತ್ತಿದ್ದ. ಕಿರುಚಲಿ ಬಿಡಿ, ಕಿರುಚುವಷ್ಟು ದನಿ ಬಂತಲ್ಲ. ಒಳಗಿಂದ ಅವ್ವ ಕೂಗುತ್ತಿದ್ದಳು: "ಅಕ್ಕ ತಮ್ಮ ಸೇರ್ಕಂಡು ಊರೋರ್ನೆಲ್ಲ ಸಾಯಿಸ್ತಾವ್ರೆ! ಮುದ್ದೆ ಆರೋಯ್ತದೆ, ಎದ್ದು ಬರಾಕಿಲ್ವಾ?" ಅವನು ನಕ್ಕು ಎದ್ದುಹೋಗಿ ಎರಡು ಮುದ್ದೆ ಉಂಡ. ಅವ್ವ ಅದನ್ನು ಹರಕೆಯ ಲೆಕ್ಕಕ್ಕೆ ಹಾಕಿಕೊಂಡಳು. ನಾನು ಜಗಳವಾಡಲಿಲ್ಲ.

ತಿಂಗಳೆರಡಾಗುವಷ್ಟರಲ್ಲಿ ಮಾತಿಲ್ಲದೆಯೇ ಆಡುತ್ತಿದ್ದೆವು. ಅವನ ಉಸಿರು ಬಿಗಿಯಾದರೆ ನಾನು ನಿಲ್ಲುತ್ತಿದ್ದೆ, ಭುಜ ವಾಲಿದರೆ ಅತ್ತ ಸರಿಯುತ್ತಿದ್ದೆ. ನನ್ನದೊಂದೇ ದೋಷ. ಬಾಗಿಲು ಕಂಡರೆ, ಅದರಾಚೆ ಯಾರೋ ಕಾದಿದ್ದಾರೆ ಅನ್ನಿಸಿ ಬೆರಳು ತಾನಾಗಿ ಎಸ್ ಮೇಲೆ ಹೋಗುತ್ತಿತ್ತು. ಅವನು ಗುರಿ ಇಟ್ಟು ಇನ್ನೇನು ಹೊಡೆಯಬೇಕು, ನಾನು ಹಿಂದಕ್ಕೆ ಎಳೆದಿರುತ್ತಿದ್ದೆ. "ಯಾಕಕ್ಕ ಇಂದಕ್ಕೋಯ್ತೀಯ?" ಅನ್ನುತ್ತಿದ್ದ. ನಾನು ನಕ್ಕುಬಿಡುತ್ತಿದ್ದೆ.

ಆಗಲೇ ತಿ. ನರಸೀಪುರದಿಂದ ಒಂದು ಫೋನ್ ಬಂತು. ನಮ್ಮ ಕಡೆಯವರೇ ಒಬ್ಬರದು ಬೀಜ, ಗೊಬ್ಬರದ ಅಂಗಡಿ. ಕಂಪ್ಯೂಟರಿನಲ್ಲಿ ಬಿಲ್ ಹಾಕಲು ಮಾದೇಶನನ್ನು ಕಳಿಸಿ, ಉಳಿಯಲು ರೂಮೂ ಇದೆ ಅಂದರು. ನಾನು ಅವನನ್ನು ಒಂದು ಮಾತು ಕೇಳದೆ, "ಇನ್ನೊಂದ್ ವರ್ಷ ಓಗ್ಲಿ ಬುಡಿ ಅಣ್ಣ, ಅವ್ನಿಗೆ ಬಸ್ ಅತ್ತಾಕೂ ಆಗಾಕಿಲ್ಲ" ಅಂದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಆ ಭಾನುವಾರ ಅವನ ಕಾರ್ಖಾನೆಯ ಗೆಳೆಯರು ಅವರವರ ಮನೆಯಿಂದಲೇ ಆಟಕ್ಕೆ ಕರೆದರು. ಐವರು ಈ ಕಡೆ, ಐವರು ಆ ಕಡೆ. ಕೊನೆಗೆ ಉಳಿದದ್ದು ನಾವು, ಅಂದರೆ ಇಬ್ಬರೂ ಸೇರಿ ಒಬ್ಬ, ಮತ್ತು ಬಾಗಿಲಿನಾಚೆ ಒಬ್ಬ. "ಓಗಕ್ಕ!" ಅಂದ ಮಾದೇಶ. ಬೆರಳು ಡಬ್ಲ್ಯೂ ಮೇಲಿತ್ತು, ದೇವರಾಣೆ. ಆದರೆ ಒತ್ತಿದ್ದು ಎಸ್. ಗುಂಡು ತಗುಲಿ ಪರದೆ ಕೆಂಪಾಯಿತು.

ಕಿರುಚುತ್ತಾನೆ ಅಂದುಕೊಂಡೆ. ಅವನು ಮೌಸ್ ಬಿಟ್ಟು ನನ್ನ ಕಡೆ ತಿರುಗಿದ.

"ನರಸೀಪುರದೋರು ನಂಗೂ ಫೋನ್ ಮಾಡಿದ್ರು ಕಣಕ್ಕ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಈ ಆಟ್ದಲ್ಲಿ ಸತ್ರೆ ಇನ್ನೊಂದ್ ಸಲ ಉಟ್ತೀನಿ. ಆದ್ರೂ ಮುಂದಕ್ಕೆ ಬುಡಾಕಿಲ್ಲ ನೀನು. ಅಲ್ಲೂ ಅಂಗೇ, ಇಲ್ಲೂ ಅಂಗೇ. ನಾನು ಬಿದ್ದಿದ್ದು ಒಂದೇ ಸಲ ಅಕ್ಕ. ನೀನು ದಿನಾ ಬೀಳಿಸ್ತಿದ್ದೀಯ ನನ್ನ."

ಬಾಯಿಗೆ ಹೆಸರಾದ ನಾನು ಅತ್ತುಬಿಟ್ಟೆ. ತೊಡೆಯ ಮೇಲಿದ್ದ ಅವನ ಕೈ ಒದ್ದೆಯಾಯಿತು. ಅದಕ್ಕೆ ಗೊತ್ತಾಗಲಿಲ್ಲ.

ಮರುದಿನ ನಾನೇ ಆ ಅಂಗಡಿಗೆ ಫೋನ್ ಮಾಡಿ ತಪ್ಪಾಯ್ತು ಅಂದೆ. ಅವನು ಹೊರಟ ದಿನ, ಬರಬೇಡ ಅಂದರೂ ಬಸ್ ಸ್ಟ್ಯಾಂಡಿನವರೆಗೆ ಹಿಂದೆ ಹಿಂದೆಯೇ ಹೋಗಿ ಹೂವಿನ ಅಂಗಡಿಯ ಮರೆಯಲ್ಲಿ ನಿಂತು ನೋಡಿದೆ. ಬ್ಯಾಗನ್ನು ಹೆಗಲಿಗೆ ಏರಿಸಿ, ಬಲಗೈಯಲ್ಲಿ ಕಂಬಿ ಹಿಡಿದು ಸಲೀಸಾಗಿ ಹತ್ತಿಬಿಟ್ಟ. ಹತ್ತಿ, ಕಿಟಕಿಯಿಂದ ನೇರವಾಗಿ ನನ್ನ ಕಡೆಗೇ ಕೈ ಬೀಸಿದ, ಕಳ್ಳ.

ಇದಾಗಿ ವರ್ಷಗಳಾದವು. ಕೀಬೋರ್ಡು ಹಿಡಿದು ಹೀಗೆ ಕೂತಿದ್ದಾಗಲೇ ಹೊರಗೆ ಹಾರನ್ ಕೇಳಿತು. ಮಾದೇಶ. ಹಿಂದೆ ಎರಡು ಚಕ್ರ ಜಾಸ್ತಿ ಹಾಕಿಸಿ, ಬ್ರೇಕನ್ನೆಲ್ಲ ಬಲಗಡೆಗೇ ಮಾಡಿಸಿದ ಸ್ಕೂಟರ್. ಲೈಸೆನ್ಸ್ ತೋರಿಸಿ, ಹಿಂದಿನ ಸೀಟು ತಟ್ಟಿದ. "ಅತ್ತು, ನರಸೀಪುರಕ್ಕೆ ಓಗಿ ಬರುವ" ಅಂದ. ಬೈಕಿನ ಹೆಸರೆತ್ತಿದರೆ ಇವತ್ತಿಗೂ ನನಗೆ ಆಗದು. ಬೇಡ ಅನ್ನಲು ಬಾಯಿ ತೆರೆದವಳು ಮುಚ್ಚಿಕೊಂಡು, ಅವನು ಕೊಟ್ಟ ಹೆಲ್ಮೆಟ್ ಹಾಕಿಕೊಂಡು ಹತ್ತಿದೆ.

ಊರು ದಾಟಿದ ಮೇಲೆ ಎದುರಿಗೆ ಕಬ್ಬಿನ ಲಾರಿ ಬಂತು. ನೋಡಿಕೊಂಡರೆ ಅವನ ಅಂಗಿಯ ಬೆನ್ನನ್ನು ಮುಷ್ಟಿಯಲ್ಲಿ ಹಿಡಿದು ಹಿಂದಕ್ಕೆ ಎಳೆಯುತ್ತಿದ್ದೇನೆ.

"ಅಕ್ಕಾ..." ಅಂದ ಮಾದೇಶ, ತಿರುಗದೆ.

ಮುಷ್ಟಿ ಬಿಚ್ಚಿದೆ. ಅಂಗಿಯ ಸುಕ್ಕು ಸವರಿ, ಅವನ ಬೆನ್ನಿನ ಮೇಲೆ ನಡುಬೆರಳನ್ನು ಸ್ವಲ್ಪ ಮೇಲಕ್ಕೆ ಸರಿಸಿ ಒಂದು ಸಲ ಗಟ್ಟಿಯಾಗಿ ಒತ್ತಿದೆ.

ಅವನಿಗೆ ಅರ್ಥವಾಯಿತು. ನಕ್ಕ, ಸ್ಕೂಟರ್ ಮುಂದಕ್ಕೆ ಹೋಯಿತು. ನಾನು ಕಣ್ಣು ಮುಚ್ಚಿಕೊಂಡಿದ್ದೆ, ಅದು ನಿಜ. ಬೆರಳು ಮಾತ್ರ ತೆಗೆಯಲಿಲ್ಲ.