ಜನರೇ ಇಲ್ಲದ ಕಚೇರಿ

“ಎಲ್ಲಾರೂ ಇಂದ್ಗಡೆ ಓಗ್ರವ್ವಾ. ಆಫೀಸ್ ಕೆಲ್ಸ ಎಂಗ್ ನಡೀತದೆ ಅಂತ ನೋಡಾಕೆ ಸರ್ಕಾರ ಕಳ್ಸಿರೋ ಕಂಪ್ನಿಯೋರು ಬಂದವ್ರೆ, ಜನ ಕಾಣ್‌ಬಾರ್ದಂತೆ” ಎಂದ ಜವಾನ ಸರದಿಗೆ ಕಾಯುತ್ತಿದ್ದ ನಮ್ಮನ್ನೆಲ್ಲ ಹಿಂಬದಿಯ ಅಂಗಳಕ್ಕೆ ಸಾಗಿಸಿ, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡ. ಅರಕಲಗೂಡು ಕಡೆಯ ಆ ಸರ್ಕಾರಿ ಕಚೇರಿಗೆ ನಾನು ಹೋಗಿದ್ದು ಮಗಳ ಜಾತಿ ಪ್ರಮಾಣಪತ್ರಕ್ಕೆ. ಅದನ್ನು ಹಾಸ್ಟೆಲಿಗೆ ಕೊಡಲು ಅಂದೇ ಕೊನೆಯ ದಿನ.

ಅಂಗಳದಲ್ಲಿ ನೆರಳಿರಲಿಲ್ಲ. ಸ್ವಲ್ಪ ಹೊತ್ತಿಗೆ ನನ್ನ ಪಕ್ಕದಲ್ಲಿದ್ದ ಮಲ್ಲಿಪಟ್ಟಣದ ಬಸುರಿಯೊಬ್ಬಳು ಕುಸಿದುಬಿದ್ದಳು. “ಬಾಗ್ಲು ತೆಗಿಯಣ್ಣಾ, ಬಸುರಿ ಬಿದ್ದವ್ಳೆ” ಎಂದು ನಾವೆಲ್ಲ ಕೂಗುತ್ತಾ ಬಾಗಿಲು ಬಡಿದೆವು. ಜವಾನ ತೆಗೆಯಲಿಲ್ಲ. ಕೊನೆಗೆ ಚಿಲಕ ತೆಗೆದವಳು ಪರಿಶೀಲನೆಗೆ ಬಂದಿದ್ದ ಕಂಪನಿಯ ಯುವತಿ.

ನಮ್ಮನ್ನು ನೋಡಿ ಅವಳ ಮುಖ ಬಿಳುಚಿಕೊಂಡಿತು. “ಇಲ್ಲಿ ಯಾರೂ ಕಾಯೋದೇ ಇಲ್ಲ ಅಂತ ಈ ಆಫೀಸಿನ ಸಾಹೇಬ್ರು ಈಗ ತಾನೆ ಹೇಳಿದ್ರಲ್ಲಾ” ಎಂದಳು. ಬಸುರಿಯನ್ನು ತಾನೇ ಹಿಡಿದು ಫ್ಯಾನಿನ ಕೆಳಗೆ ಮಲಗಿಸಿ ನೀರು ಕುಡಿಸಿದಳು. ಆಮೇಲೆ ನಮ್ಮೆಲ್ಲರನ್ನೂ ಒಳಗೆ ಕರೆದಳು.

ಬಸುರಿ ಚೇತರಿಸಿಕೊಂಡಳು, ನನ್ನ ಕೈಗೆ ಅಂದೇ ಪ್ರಮಾಣಪತ್ರವೂ ಬಂತು. ಆದರೆ ಜನರಿಗೆ ಕೆಲಸ ಸರಿಯಾಗಿ ಆಗುತ್ತಿದೆಯೇ ಎಂದು ನೋಡಲು ಬಂದವರ ಕಣ್ಣಿಗೆ ಬೀಳದಂತೆ ಜನರನ್ನೇ ಬಚ್ಚಿಟ್ಟಿದ್ದರು.