ಸೀರೆ ನೋಡಿದಂತೆ ಟಿವಿ ನೋಡಿದ ಅವ್ವ

ಗೆಳೆಯರೇ, ನನ್ನ ಹದಿನೈದು ದಿನದ ಓದನ್ನು ನಮ್ಮವ್ವ ಇವತ್ತು ಹಾನಗಲ್ಲಿನ ಟಿವಿ ಅಂಗಡಿಯಲ್ಲಿ ಐದೇ ನಿಮಿಷಕ್ಕೆ ಮಡಚಿಟ್ಟಳು.

ಓಎಲ್‌ಇಡಿಯೇ ಬೇಕೆಂದು ನಾನು ಪಟ್ಟು ಹಿಡಿದಿದ್ದೆ. ಹಿಂದಿನಿಂದ ಬೆಳಕು ಬೀಳುವ ಮಾಮೂಲಿ ಎಲ್‌ಇಡಿ ಟಿವಿಯಲ್ಲಿ ಕಪ್ಪು ಬೂದುಬಣ್ಣಕ್ಕೆ ತಿರುಗುತ್ತದೆ, ಓಎಲ್‌ಇಡಿಯಲ್ಲಿ ಕಪ್ಪು ಕಪ್ಪೇ ಎಂದು ವಿವರಿಸಿದೆ. ಅವ್ವ ಎಲ್ಲ ಕೇಳಿಸಿಕೊಂಡು, "ಎರಡೂ ಬಾಗಿಲಿಗೆ ತರ್ರಿ, ಬೆಳಕಿಗೆ ನೋಡೂಣು" ಅಂದಳು. ಅಂಗಡಿಯ ದೀಪವನ್ನು ನಂಬದೆ ಸೀರೆಯನ್ನೂ ಹೊಸ್ತಿಲಿಗೆ ತರಿಸಿ ಬಿಚ್ಚಿಸುವವಳು ಅವಳು.

"ಯವ್ವಾ, ಇದು ಸೀರಿ ಅಲ್ಲ" ಅಂದೆ.

"ನೋಡೂದು ಕಣ್ಣಿಂದನ ಹೌದಿಲ್ಲೋ?"

ಅಂಗಡಿಯವರೂ ನಾನೂ ವೈರು ಎಳೆದು ಎರಡನ್ನೂ ಹೊತ್ತು ತಂದೆವು. ಓಎಲ್‌ಇಡಿಯಲ್ಲಿ ಎದುರಿನ ಚಹಾದಂಗಡಿಯ ಪ್ರತಿಬಿಂಬ ಸ್ಪಷ್ಟವಾಗಿ ಕಂಡಿತು, ಚಿತ್ರ ಮಾತ್ರ ಮಂಕು. ಪಕ್ಕದ ಎಲ್‌ಇಡಿ ಬಿಸಿಲಿಗೂ ಬಗ್ಗದೆ ಬೆಳಗುತ್ತಿತ್ತು.

"ಕತ್ತಲ ಖೋಲ್ಯಾಗ ಓಎಲ್‌ಇಡಿಗೆ ಸಾಟಿ ಇಲ್ರಿ, ಅವ್ವಾರ" ಅಂದರು ಅಂಗಡಿಯವರು.

"ನಮ್ಮನಿ ಬಾಗಲಾ ಹಗಲೆಲ್ಲ ತೆರದ ಇರ್ತೈತ್ರಿ. ನಾ ಮಧ್ಯಾಹ್ನ ಜ್ವಾಳ ಹಸನ ಮಾಡ್ಕೋತ ಟಿವಿ ನೋಡಾಕಿ. ಆ ಇನ್ನೊಂದನ್ನ ಕಟ್ರಿ."

ಅವರು ನಕ್ಕುಬಿಟ್ಟರು. "ನಾಳಿಂದ ಗಿರಾಕಿಗೆ ಟಿವಿ ತೋರಸಾಕ ನೀವ ಬರ್ರಿ!"

ನನ್ನ ಎದೆ ಉಬ್ಬಿದ್ದನ್ನು ನೀವು ನೋಡಬೇಕಿತ್ತು.

ನನ್ನ ಲ್ಯಾಪ್‌ಟಾಪನ್ನು ಹೋದ ವರ್ಷ ನಾನೊಬ್ಬನೇ ಹೋಗಿ, ಅಂಗಡಿಯ ದೀಪದಲ್ಲಿ ನೋಡಿ ತಂದಿದ್ದೆ. ಅದಕ್ಕೇ ಈ ಪೋಸ್ಟನ್ನು ಹಾಡಹಗಲೇ ಕಿಟಕಿ ಮುಚ್ಚಿಕೊಂಡು ಬರೆಯುತ್ತಿದ್ದೇನೆ.